ಫೋರ್ಕ್‌ಲಿಫ್ಟ್ ತೆವಳತೊಡಗಿದರೆ: ಸೀಮೆಸುಣ್ಣದಿಂದ ಕಂಟ್ರೋಲರ್‌ವರೆಗೆ

"ಗಾಡಿ ಓಡುತ್ತಿಲ್ಲ, ತೆವಳುತ್ತಿದೆ. ಬ್ಯಾಟರಿ ಹೋಯಿತೆಂದು ಕಾಣುತ್ತದೆ" ಎಂದು ಶಿರಸಿಯ ಅಡಿಕೆ ಗೋದಾಮಿನಿಂದ ಫೋನ್ ಬಂದರೆ, ಅಲ್ಲಿ ಸೀಮೆಸುಣ್ಣ ಇದೆಯೇ ಎಂದು ಮೊದಲು ಕೇಳುತ್ತೇನೆ. ಆ ಕಡೆಯವರು ಒಂದು ಕ್ಷಣ ಸುಮ್ಮನಾಗುತ್ತಾರೆ. ಕಾರವಾರದಿಂದ ಕುಮಟಾಕ್ಕೆ ಬಂದು, ದೇವಿಮನೆ ಘಟ್ಟ ಹತ್ತಿ ಶಿರಸಿ ಮುಟ್ಟುವಷ್ಟರಲ್ಲಿ ಮೂರು ತಾಸು ಹಿಡಿಯುತ್ತದೆ. ಅಷ್ಟು ದೂರ ಹೋಗಿ, ಪೆಡಲ್‌ನ ಅಡಿಯಲ್ಲಿ ಸಿಕ್ಕಿಕೊಂಡಿದ್ದ ಗೋಣಿತುಂಡನ್ನು ಎಳೆದು ತೆಗೆದು ಬರಿಗೈಯಲ್ಲಿ ಮರಳಿದವನು ನಾನು. ಅವರಿಗೆ ನಾಚಿಕೆ, ನನಗೆ ಪೆಟ್ರೋಲ್ ದಂಡ. ಅಂದಿನಿಂದ ಅರ್ಧ ತಪಾಸಣೆಯನ್ನು ಫೋನಿನಲ್ಲೇ ಮಾಡಿಸುತ್ತೇನೆ. ಆ ಕ್ರಮವನ್ನೇ ಇಲ್ಲಿ ಬರೆದಿಟ್ಟಿದ್ದೇನೆ.

ಬೇಕಾಗುವುದು ಅಳತೆ ಟೇಪು, ಮೊಬೈಲಿನ ಸ್ಟಾಪ್‌ವಾಚ್, ನಂಬಬಹುದಾದ ಮಲ್ಟಿಮೀಟರ್, ಬ್ಯಾಟರಿಯ ಆಸಿಡ್ ಎಷ್ಟು ಗಾಢವಾಗಿದೆ ಎಂದು ಅಳೆಯುವ ಹೈಡ್ರೋಮೀಟರ್, ಸಿಕ್ಕರೆ ಡಿಸಿ ಅಳೆಯುವ ಟಾಂಗ್ ಟೆಸ್ಟರ್ (ಕೇಬಲಿನ ಸುತ್ತ ಇಕ್ಕಳದಂತೆ ಸಿಕ್ಕಿಸಿ ಕರೆಂಟು ಅಳೆಯುವ ಮೀಟರ್). ಏಸಿ ಮಾತ್ರ ಅಳೆಯುವ ಟಾಂಗ್ ಟೆಸ್ಟರ್ ಇಲ್ಲಿ ಉಪಯೋಗಕ್ಕೆ ಬಾರದು. ಮನೆಗಳ ವೈರಿಂಗ್ ಮಾಡುವವರ ಚೀಲದಲ್ಲಿ ಇರುವುದು ಹೆಚ್ಚಾಗಿ ಅದೇ, ತರಿಸುವಾಗ ಕೇಳಿ ತರಿಸಿ.

ನೆಲದ ಮೇಲೆ ಎರಡು ಗೆರೆ

ಸಮತಟ್ಟಾದ, ಜನರ ಓಡಾಟವಿಲ್ಲದ ಹಾದಿಯಲ್ಲಿ 20 ಮೀಟರ್ ಅಂತರಕ್ಕೆ ಎರಡು ಗೆರೆ ಎಳೆಯಿರಿ. ಮೊದಲ ಗೆರೆಗಿಂತ ಹತ್ತು ಹದಿನೈದು ಮೀಟರ್ ಹಿಂದಿನಿಂದ ಗಾಡಿ ಹೊರಡಲಿ, ಗೆರೆ ದಾಟುವ ಹೊತ್ತಿಗೆ ಪೂರ್ಣ ವೇಗಕ್ಕೆ ಬಂದಿರಬೇಕು. ಎರಡನೆಯ ಗೆರೆಯ ಆಚೆ ನಿಲ್ಲಿಸಲು ಸಾಕಷ್ಟು ಜಾಗ ಇರಲಿ. ಗೆರೆಯಿಂದ ಗೆರೆಗೆ ಎಷ್ಟು ಸೆಕೆಂಡು ಎಂದು ನೋಡಿ, 72ನ್ನು ಆ ಸಂಖ್ಯೆಯಿಂದ ಭಾಗಿಸಿ. ಬಂದ ಉತ್ತರವೇ ಗಂಟೆಗೆ ಇಷ್ಟು ಕಿಲೋಮೀಟರ್ ಎಂಬ ಲೆಕ್ಕ. 6 ಸೆಕೆಂಡು ಹಿಡಿದರೆ 12 ಕಿ.ಮೀ. 14.4 ಸೆಕೆಂಡು ಹಿಡಿದರೆ 5 ಕಿ.ಮೀ., ಅಂದರೆ ಹಮಾಲರು ನಡೆದಾಡುವ ವೇಗ. ಒಂದೂವರೆ, ಎರಡು ಟನ್ ಎತ್ತುವ ಬ್ಯಾಟರಿ ಫೋರ್ಕ್‌ಲಿಫ್ಟ್‌ಗಳು ಖಾಲಿ ಇದ್ದಾಗ ಸಾಮಾನ್ಯವಾಗಿ 12ರಿಂದ 16 ಕಿ.ಮೀ. ವೇಗದಲ್ಲಿ ಓಡುತ್ತವೆ. ನಿಮ್ಮ ಗಾಡಿಯ ನಿಜವಾದ ಅಂಕಿ ಅದರ ಕೈಪಿಡಿಯಲ್ಲಿದೆ.

ಇದೇ ಓಟವನ್ನು ಖಾಲಿಯಾಗಿ ಮುಂದಕ್ಕೆ, ಖಾಲಿಯಾಗಿ ಹಿಂದಕ್ಕೆ, ಬಳಿಕ ಮೂಟೆ ಹೇರಿಕೊಂಡು ಮಾಡಿ. ಬೆಳಿಗ್ಗೆ ಚಾರ್ಜರ್‌ನಿಂದ ಬಿಡಿಸಿದ ಕೂಡಲೇ ಒಮ್ಮೆ, ಸಂಜೆ ನಾಲ್ಕರ ಸುಮಾರಿಗೆ ಇನ್ನೊಮ್ಮೆ ಆಗಲಿ. ಸೆಕೆಂಡುಗಳನ್ನು ಕಾಗದದಲ್ಲಿ ಬರೆಯಿರಿ. "ಮೊದಲು ಹಾರುತ್ತಿತ್ತು ಅಣ್ಣಾ" ಎನ್ನುವ ಚಾಲಕನ ಮಾತನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಅದರಿಂದ ದೋಷ ಸಿಗುವುದಿಲ್ಲ.

ಈ ಕಾಗದದಲ್ಲಿ ಅರ್ಧ ಉತ್ತರ ಬಂದಿರುತ್ತದೆ. ಖಾಲಿ ಇರಲಿ, ಹೇರು ಇರಲಿ, ಬೆಳಿಗ್ಗೆಯಾಗಲಿ, ಸಂಜೆಯಾಗಲಿ, ಪ್ರತಿ ಸಲ ಹೆಚ್ಚುಕಡಿಮೆ ಅಷ್ಟೇ ಸೆಕೆಂಡು ಬಂದರೆ ಗಾಡಿಗೆ ಶಕ್ತಿಯ ಕೊರತೆ ಇಲ್ಲ. ಯಾರೋ ಅದನ್ನು ಕಟ್ಟಿಹಾಕಿದ್ದಾರೆ. ಮೋಟಾರಿಗೆ ಎಷ್ಟು ಕರೆಂಟು ಹೋಗಬೇಕೆಂದು ನಿರ್ಧರಿಸುವ ಕಂಟ್ರೋಲರ್ ಯಾವುದೋ ಸ್ವಿಚ್ಚಿನ ಮಾತು ಕೇಳಿ "ಇಷ್ಟೇ" ಎಂದು ಮಿತಿ ಹಾಕಿದೆ. ಖಾಲಿ ಇದ್ದಾಗ ಸುಮಾರಾಗಿ ಓಡಿ ಹೇರು ಹೊತ್ತಾಗ ಏದುಸಿರು ಬಿಟ್ಟರೆ, ಅಥವಾ ಬೆಳಿಗ್ಗೆ ಚುರುಕಾಗಿದ್ದು ಮಧ್ಯಾಹ್ನದ ಊಟದ ನಂತರ ಸೊರಗಿದರೆ, ಅದು ನಿತ್ರಾಣ. ಆಗ ಬ್ಯಾಟರಿ, ಜೋಡಣೆಗಳು, ಬಿಸಿ ಇವುಗಳ ಕಡೆ ಹೋಗಬೇಕು. ನಿತ್ರಾಣದ ವೇಷ ಹಾಕಿಕೊಂಡು ಬರುವ ಇನ್ನೊಂದು ತೊಂದರೆಯಿದೆ, ಚಕ್ರದ ಎಳೆತ. ಅದನ್ನು ಕೈಯಿಂದ ಮುಟ್ಟಿ ಪತ್ತೆ ಮಾಡಬಹುದು. ಮುಂದಕ್ಕೆ ಸರಿ, ಹಿಂದಕ್ಕೆ ಮಾತ್ರ ನಿಧಾನ ಎಂದಾದರೆ ಬ್ಯಾಟರಿಯನ್ನು ದೂರುವುದು ಬಿಡಿ. ಅದೇ ಬ್ಯಾಟರಿ ಎರಡೂ ದಿಕ್ಕಿಗೆ ಕರೆಂಟು ಕೊಡುತ್ತದೆ. ದಿಕ್ಕಿನ ಸ್ವಿಚ್ಚು, ಅದರ ವೈರು, ಇಲ್ಲವೇ ಹಿಂದಿನ ದಿಕ್ಕಿಗೆ ಬೇರೆಯಾಗಿ ಇಟ್ಟಿರುವ ವೇಗಮಿತಿ ನೋಡಿ.

ಕಟ್ಟಿಹಾಕಿದವರು ಯಾರು?

ಡಿಸ್‌ಪ್ಲೇ ಮೇಲೆ ಆಮೆಯ ಚಿತ್ರ ಬೆಳಗುತ್ತಿದೆಯೇ ನೋಡಿ. ಹಲವು ಗಾಡಿಗಳಲ್ಲಿ ನಿಧಾನ ಚಾಲನೆಗೆ ಒಂದು ಗುಂಡಿ ಇದೆ, ಅದರ ಗುರುತೇ ಆಮೆ. ಕೈ ತಾಗಿಯೋ, ಒರೆಸುವಾಗ ಬಟ್ಟೆ ತಾಗಿಯೋ ಅದು ಒತ್ತಿಹೋಗಿರುತ್ತದೆ. ಒಮ್ಮೆ ಮೇಲ್ವಿಚಾರಕರೇ ಹೊಸ ಹುಡುಗನಿಗಾಗಿ ಆಮೆಯನ್ನು ಹಾಕಿಟ್ಟು, ಮರುದಿನ ಮರೆತು, ನನಗೆ ಫೋನ್ ಮಾಡಿದ್ದರು. ಚಾಲಕನಿಗೆ ಒಂದೊಂದು ಪಿನ್ ಕೊಡುವ ಗಾಡಿಗಳಲ್ಲಿ ಒಂದು ಪಿನ್ನಿಗೆ ಕಡಿಮೆ ವೇಗ, ಇನ್ನೊಂದಕ್ಕೆ ಪೂರ್ಣ ವೇಗ ಇರಬಹುದು. ಬೇರೆಯವರ ಪಿನ್ ಹಾಕಿ ಒಂದು ಓಟ ನೋಡಿ.

ಇನ್ನು ಪೆಡಲ್. ಅದನ್ನು ಕಾಲಿನಿಂದ ಒತ್ತಿ ನೋಡಿದರೆ ಸಾಲದು, ಬಗ್ಗಿ ಕೈಯಿಂದ ಕೊನೆವರೆಗೆ ಒತ್ತಿ ನೋಡಬೇಕು. ಅಡಿಕೆ ಗೋದಾಮಿನಲ್ಲಿ ಕಾಲು ಜಾರದಿರಲಿ ಎಂದು ಗೋಣಿ ಹಾಸುವ ಅಭ್ಯಾಸವಿದೆ. ಆ ಗೋಣಿ ಮಡಚಿಕೊಂಡು ಪೆಡಲ್‌ನ ಅಡಿ ಸೇರುತ್ತದೆ, ಅದರ ಮೇಲೆ ಧೂಳು, ಅಡಿಕೆ ಸಿಪ್ಪೆ ಕೂತು ಹಲಗೆಯಂತೆ ಗಟ್ಟಿಯಾಗುತ್ತದೆ. ಪೆಡಲ್ ಮುಕ್ಕಾಲು ಭಾಗ ಇಳಿದರೆ ಕಂಟ್ರೋಲರ್‌ಗೆ ಮುಕ್ಕಾಲು ವೇಗದ ಬೇಡಿಕೆಯಷ್ಟೇ ತಲುಪುತ್ತದೆ. ಅಡ್ಡಿ ಏನೂ ಇಲ್ಲದೆಯೂ ಅನುಮಾನ ಉಳಿದರೆ, ಪೆಡಲ್ ಸೆನ್ಸರ್ ಕೊಡುವ ವೋಲ್ಟೇಜನ್ನು ಡಿಸ್‌ಪ್ಲೇಯ ಸರ್ವಿಸ್ ಮೆನುವಿನಲ್ಲೋ ಮಲ್ಟಿಮೀಟರಿನಲ್ಲೋ ನೋಡಿ. ಕಾಲು ಒತ್ತಿದಂತೆ ಅದು ಎಲ್ಲೂ ಜಿಗಿಯದೆ ಏರಬೇಕು, ಕೈಪಿಡಿ ಹೇಳುವ ತುದಿಯ ಅಂಕಿ ಮುಟ್ಟಬೇಕು.

ಗಾಡಿ ತನ್ನ ಸುರಕ್ಷತೆಗೆಂದು ವೇಗ ತಗ್ಗಿಸಿಕೊಳ್ಳುವ ಸಂದರ್ಭಗಳೂ ಇವೆ. ಮಾಸ್ಟ್, ಅಂದರೆ ಫೋರ್ಕ್ ಏರಿಳಿಯುವ ಮುಂದಿನ ಚೌಕಟ್ಟು, ಒಂದು ಎತ್ತರಕ್ಕಿಂತ ಮೇಲೆ ಹೋದರೆ ವೇಗ ಕಡಿಮೆಯಾಗುತ್ತದೆ. ಫೋರ್ಕ್ ಕೆಳಗಿದ್ದರೂ ಕಡಿಮೆಯೇ ಇದ್ದರೆ ಮಾಸ್ಟಿನ ಪಕ್ಕದ ಸೆನ್ಸರ್ ಓರೆಯಾಗಿರಬೇಕು, ಅಥವಾ ಅದರ ಮುಖಕ್ಕೆ ಗ್ರೀಸು ಧೂಳು ಮೆತ್ತಿರಬೇಕು. ಸ್ಟೀರಿಂಗ್ ತಿರುಗಿಸಿದಾಗ ವೇಗ ಇಳಿಸುವ ಗಾಡಿಗಳಲ್ಲಿ ಸ್ಟೀರಿಂಗ್ ಸೆನ್ಸರ್ ಕೆಟ್ಟರೆ, ಚಕ್ರ ನೇರವಿದ್ದರೂ ಗಾಡಿ ತಿರುವಿನಲ್ಲಿದ್ದೇನೆ ಎಂದು ನಂಬಿಕೊಂಡು ನಿಧಾನ ಹೋಗುತ್ತದೆ. ಹ್ಯಾಂಡ್‌ಬ್ರೇಕಿನ ಮೈಕ್ರೋಸ್ವಿಚ್, ಸೀಟಿನ ಸ್ವಿಚ್ ಎಲ್ಲವೂ ಇದೇ ಸಾಲಿನವು. ಮೀನಿನ ಶೈತ್ಯಾಗಾರದ ಒಳಗೆ ಹೋಗಿಬರುವ ಗಾಡಿಯಾದರೆ ಈ ಸ್ವಿಚ್ಚುಗಳನ್ನು ಎರಡು ಪಟ್ಟು ಅನುಮಾನಿಸಿ. ಕೊರೆಯುವ ಚಳಿಯಿಂದ ಕರಾವಳಿಯ ಬೆವರು ಸುರಿಸುವ ಹವೆಗೆ ಬಂದ ಕೂಡಲೇ ಮೈಯೆಲ್ಲ ನೀರಾಗುತ್ತದೆ, ಆ ನೀರು ಸ್ವಿಚ್ಚಿನ ಒಳಗೂ ಇಳಿಯುತ್ತದೆ.

ಡಿಸ್‌ಪ್ಲೇ ಮೇಲೆ ಏನಾದರೂ ಸಂಖ್ಯೆ, ಅಂದರೆ ದೋಷದ ಕೋಡ್, ಬರುತ್ತಿದ್ದರೆ ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಕೀಲಿ ಆರಿಸಿ ಹಾಕಿದರೆ ಹೋಗುತ್ತದೆ ಎಂದು ಆರಿಸಿಬಿಡುವವರೇ ಹೆಚ್ಚು, ಇದ್ದ ಒಂದು ಸಾಕ್ಷಿಯೂ ಅದರೊಡನೆ ಹೋಗುತ್ತದೆ. ಉದಾಹರಣೆಗೆ ಕರ್ಟಿಸ್ ಕಂಪನಿಯ 1236 ಮತ್ತು 1238 ಸಾಲಿನ ಕಂಟ್ರೋಲರ್‌ಗಳಲ್ಲಿ 22 ಎಂದರೆ ಕಂಟ್ರೋಲರ್ ಬಿಸಿಯಾಗಿ ಶಕ್ತಿ ತಗ್ಗಿಸಿದೆ, 23 ಎಂದರೆ ಬ್ಯಾಟರಿ ವೋಲ್ಟೇಜ್ ಕುಸಿದು ತಗ್ಗಿಸಿದೆ, 28 ಎಂದರೆ ಮೋಟಾರ್ ಬಿಸಿ, 36 ಎಂದರೆ ಮೋಟಾರಿನ ವೇಗ ಅಳೆಯುವ ಎನ್‌ಕೋಡರ್‌ನ ದೋಷ. ಡಿಸ್‌ಪ್ಲೇ ಇಲ್ಲದಿದ್ದರೆ ಕಂಟ್ರೋಲರ್ ಮೇಲಿನ ಎರಡು ದೀಪಗಳನ್ನು ಎಣಿಸಬೇಕು. ಕೆಂಪು ಒಮ್ಮೆ ಮಿನುಗಿದ ಬಳಿಕ ಹಳದಿ ಎಷ್ಟು ಸಲ ಮಿನುಗುತ್ತದೋ ಅದು ಮೊದಲ ಅಂಕಿ, ಕೆಂಪು ಎರಡು ಸಲ ಮಿನುಗಿದ ಬಳಿಕ ಬರುವ ಹಳದಿ ಎರಡನೆಯ ಅಂಕಿ. ಬೇರೆ ತಯಾರಕರ ಸಂಖ್ಯೆಗಳು ಬೇರೆ, ನಿಮ್ಮ ಗಾಡಿಯ ಕೈಪಿಡಿಯನ್ನೇ ನೋಡಿ.

ಚಕ್ರವನ್ನು ಹಿಡಿದುಕೊಂಡಿರುವುದು

ಹತ್ತು ನಿಮಿಷ ಗಾಡಿ ಓಡಿಸಿ ನಿಲ್ಲಿಸಿ. ಬ್ರೇಕ್ ಇರುವ ಎರಡೂ ಚಕ್ರಗಳ ಹಬ್ ಹತ್ತಿರ ಅಂಗೈ ಒಯ್ಯಿರಿ. ಮುಟ್ಟುವ ಮೊದಲೇ ಬಿಸಿಯ ಝಳ ತಾಗುತ್ತದೆ, ಹಾಗಾಗಿ ಮೆಲ್ಲಗೆ ಒಯ್ಯಿರಿ. ಒಂದು ಕಡೆ ತಣ್ಣಗೆ, ಇನ್ನೊಂದು ಕಡೆ ಬಿಸಿ ಎಂದರೆ ಅಲ್ಲಿ ಬ್ರೇಕ್ ಬಿಡುತ್ತಿಲ್ಲ. ನಮ್ಮಲ್ಲಿ ಮೊದಲು ಹಿಡಿದುಕೊಳ್ಳುವುದು ಹ್ಯಾಂಡ್‌ಬ್ರೇಕಿನ ಕೇಬಲ್. ಉಪ್ಪುಗಾಳಿಗೆ ಒಳಗಿನ ತಂತಿ ತುಕ್ಕು ಹಿಡಿಯುತ್ತದೆ. ಚಾಲಕ ಲಿವರ್ ಇಳಿಸುತ್ತಾನೆ, ಸ್ವಿಚ್ಚು "ಬ್ರೇಕ್ ಬಿಟ್ಟಿದೆ" ಎನ್ನುತ್ತದೆ, ತಂತಿ ಮಾತ್ರ ಅಲ್ಲೇ ಕೂತಿರುತ್ತದೆ.

ಶಿರಸಿಯಲ್ಲಿ ಒಮ್ಮೆ ಚಾಲಿ (ಒಣಗಿಸಿ ಸುಲಿದ ಅಡಿಕೆ) ಹಂಗಾಮಿನ ನಡುವೆ ಒಂದು ಗಾಡಿ ನೋಡಲು ಹೋಗಿದ್ದೆ. ಬ್ಯಾಟರಿ ಹೊಸದು, ಕೋಡ್ ಇಲ್ಲ, ಬ್ರೇಕ್ ಸರಿಯಿದೆ. ಆದರೂ ಬಲಗಡೆಯ ಚಕ್ರ ಬಿಸಿ. ಗಾಡಿಯನ್ನು ಜಾಕಿಯಿಂದ ಎತ್ತಿ, ಮರದ ದಿಮ್ಮಿ ಕೊಟ್ಟು, ಚಕ್ರದ ಒಳಬದಿಗೆ ಟಾರ್ಚ್ ಹಿಡಿದರೆ ಹಬ್ಬಿನ ಸುತ್ತ ಕಂದು ಬಣ್ಣದ ಉಂಡೆ. ಮೂಟೆ ಹೊಲಿಯುವ ಸೆಣಬಿನ ದಾರ. ದಿನಕ್ಕೆರಡು ಎಳೆಯಂತೆ ಸುತ್ತಿಕೊಂಡು, ಗ್ರೀಸು ಕುಡಿದು, ಬಿಸಿಗೆ ಸುಟ್ಟು ತೊಗಲಿನಂತಾಗಿತ್ತು. ಹ್ಯಾಕ್ಸಾ ಬ್ಲೇಡಿನಿಂದ ಕೊಯ್ದು ಕೊಯ್ದು ತೆಗೆಯುವಷ್ಟರಲ್ಲಿ ಚಾಲಕ ಎರಡು ಸಲ ಚಹಾ ತಂದುಕೊಟ್ಟ. ದಾರ ಆಯಿಲ್ ಸೀಲನ್ನೂ ಕತ್ತರಿಸಿ ಹಾಕಿತ್ತು. ಹಳ್ಳಕ್ಕೆ ಬಿದ್ದ ದನ ಎತ್ತಿದ ಹಾಗೆ, ಕೆಲಸ ಮುಗಿದಾಗ ಸೇರಿದ್ದ ಹಮಾಲರೆಲ್ಲ ಆ ಉಂಡೆಯನ್ನು ಕೈಗೆತ್ತಿಕೊಂಡು ತೂಕ ನೋಡಿದರು. ಪ್ಯಾಲೆಟ್ ಕಟ್ಟುವ ಪ್ಲಾಸ್ಟಿಕ್ ಪಟ್ಟಿಯೂ ಇದೇ ಕೆಲಸ ಮಾಡುತ್ತದೆ. ವಾರಕ್ಕೊಮ್ಮೆ ಟಾರ್ಚ್ ಹಿಡಿದು ಬಗ್ಗಿ ನೋಡಿದರೆ ಇಷ್ಟು ದೂರ ಹೋಗದು.

ಡಿಸಿ ಟಾಂಗ್ ಟೆಸ್ಟರ್ ಇದ್ದರೆ ಬ್ಯಾಟರಿ ಕೇಬಲಿಗೆ ಸಿಕ್ಕಿಸಿ ಖಾಲಿ ಗಾಡಿಯನ್ನು ಸಮತಟ್ಟಾದ ಕಡೆ ಓಡಿಸಿ. ಅದೇ ಮಾದರಿಯ ಇನ್ನೊಂದು ಗಾಡಿ ಎಳೆಯುವ ಆಂಪಿಯರ್‌ಗಿಂತ ಇದು ಎದ್ದು ಕಾಣುವಷ್ಟು ಹೆಚ್ಚು ಎಳೆದರೆ ಎಲ್ಲೋ ಎಳೆತವಿದೆ. ವೇಗವೂ ಕಡಿಮೆ, ಆಂಪಿಯರೂ ಕಡಿಮೆ ಎಂದಾದರೆ ಕಟ್ಟಿಹಾಕಿದವರನ್ನು ಮತ್ತೊಮ್ಮೆ ಹುಡುಕಿ.

ಟೈರು ಸವೆದರೂ ವೇಗ ಇಳಿಯುತ್ತದೆ, ಆದರೆ ಸ್ವಲ್ಪವೇ. 53 ಸೆಂ.ಮೀ. ವ್ಯಾಸದ ಗಟ್ಟಿ ಟೈರು ಸವೆದು 50 ಸೆಂ.ಮೀ. ಆದರೆ ಸುಮಾರು ಶೇ. 6ರಷ್ಟು ಇಳಿಕೆ. ಅರ್ಧ ವೇಗ ಹೋದದ್ದಕ್ಕೆ ಟೈರನ್ನು ಹೊಣೆ ಮಾಡಲಾಗದು.

ಬ್ಯಾಟರಿ: ಅವಸರವಿಲ್ಲದೆ ನೋಡಬೇಕಾದದ್ದು

ಕೈಯ ಉಂಗುರ, ಗಡಿಯಾರ, ಕೊರಳಿನ ಸರ ಎಲ್ಲ ತೆಗೆದು ಜೇಬಿಗೆ ಹಾಕಿ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಳ್ಳಿ. ಪಾನಾಗಳ ಹಿಡಿಗೆ ಇನ್ಸುಲೇಷನ್ ಸುತ್ತಿರಲಿ. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಡುತ್ತದೆ, ಗಾಳಿಯಲ್ಲಿ ಅದು ಶೇ. 4 ಆದರೆ ಒಂದು ಕಿಡಿ ಸಾಕು. ಬೀಡಿ ಸೇದುವವರನ್ನು ಹೊರಗೆ ಕಳಿಸಿ, ಬಾಗಿಲು ತೆರೆದಿಡಿ. ಹತ್ತಿರದಲ್ಲಿ ಒಂದು ಬಕೆಟ್ ನೀರು, ಒಂದಿಷ್ಟು ಅಡುಗೆ ಸೋಡಾ ಇರಲಿ.

ಲೆಡ್ ಆಸಿಡ್ ಬ್ಯಾಟರಿಯಲ್ಲಿ ಒಂದು ಸೆಲ್ಲಿಗೆ 2 ವೋಲ್ಟ್. 48 ವೋಲ್ಟಿನ ಬ್ಯಾಟರಿ ಎಂದರೆ 24 ಸೆಲ್. ರಾತ್ರಿ ಪೂರ್ಣ ಚಾರ್ಜ್ ಮಾಡಿ, ಬೆಳಿಗ್ಗೆ ಚಾರ್ಜರ್ ಬಿಡಿಸಿ, ಒಂದೆರಡು ತಾಸು ಸುಮ್ಮನೆ ಬಿಟ್ಟು ಅಳೆದರೆ ಒಟ್ಟು ಸುಮಾರು 51 ವೋಲ್ಟ್ ಸಿಗಬೇಕು. ಹೈಡ್ರೋಮೀಟರಿನಲ್ಲಿ ಪ್ರತಿ ಸೆಲ್ 1.280ರ ಆಸುಪಾಸು ತೋರಿಸಬೇಕು. 1.140ರ ಹತ್ತಿರ ಇಳಿದಿದೆ ಎಂದರೆ ಬ್ಯಾಟರಿ ತನ್ನ ಬಳಿಯಿದ್ದುದರಲ್ಲಿ ಐದರಲ್ಲಿ ನಾಲ್ಕು ಪಾಲು ಕೊಟ್ಟು ಮುಗಿಸಿದೆ. 27 ಡಿಗ್ರಿಗಿಂತ ದ್ರಾವಣ ಬಿಸಿಯಾಗಿದ್ದರೆ ಪ್ರತಿ 10 ಡಿಗ್ರಿಗೆ 0.007 ಕೂಡಿಸಿ ಓದಿ: 37 ಡಿಗ್ರಿಯಲ್ಲಿ 1.270 ಬಂದರೆ ಅದನ್ನು 1.277 ಎಂದುಕೊಳ್ಳಿ. ಆಗಷ್ಟೇ ನೀರು ತುಂಬಿದ ಸೆಲ್ಲನ್ನು ಅಳೆಯಬೇಡಿ. ನೀರು ಮೇಲೆಯೇ ನಿಂತಿರುತ್ತದೆ, ಅಂಕಿ ಸುಳ್ಳಾಗುತ್ತದೆ.

ಹೀಗೆ 24 ಅಂಕಿಗಳನ್ನು ಸಾಲಾಗಿ ಬರೆಯುವ ತಾಳ್ಮೆ ಬಹಳ ಜನರಿಗಿಲ್ಲ. ಮೂರು ನಾಲ್ಕು ಸೆಲ್ ನೋಡಿ "ಎಲ್ಲ ಸರಿಯಿದೆ ಅಣ್ಣಾ" ಎನ್ನುತ್ತಾರೆ. ಕೆಟ್ಟಿರುವುದು ಹತ್ತೊಂಬತ್ತನೆಯದು! ಎಲ್ಲ ಸೆಲ್‌ಗಳೂ ಒಟ್ಟಾಗಿ 1.230ರಲ್ಲಿ ನಿಂತಿದ್ದರೆ ಚಾರ್ಜ್ ಪೂರ್ತಿಯಾಗುತ್ತಿಲ್ಲ ಅಥವಾ ಸಲ್ಫೇಟ್ ಕಟ್ಟಿಕೊಂಡಿದೆ. ಒಂದೇ ಸೆಲ್ ಉಳಿದವುಗಳಿಗಿಂತ 0.030ಕ್ಕೂ ಹೆಚ್ಚು ಕೆಳಗಿದ್ದರೆ ಅದಕ್ಕೆ ಗುರುತು ಹಾಕಿ.

ನಿಂತ ಬ್ಯಾಟರಿ ಸುಳ್ಳು ಹೇಳಬಹುದು, ಹೊರೆ ಬಿದ್ದಾಗ ಬಾಯಿ ಬಿಡುತ್ತದೆ. ಅದಕ್ಕೊಂದು ಸುಲಭ ಉಪಾಯವಿದೆ. ಫೋರ್ಕನ್ನು ಕೆಳಗಿಳಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಮಾಸ್ಟನ್ನು ಪೂರ್ತಿ ಹಿಂದಕ್ಕೆ ಬಾಗಿಸಿ, ತುದಿ ಮುಟ್ಟಿದ ಮೇಲೂ ಲಿವರನ್ನು ನಾಲ್ಕೈದು ಸೆಕೆಂಡು ಹಿಡಿದಿರಲು ಒಬ್ಬರಿಗೆ ಹೇಳಿ. ಪಂಪ್ ಮೋಟಾರ್ ಗುರುಗುಟ್ಟುತ್ತಾ ಭಾರಿ ಕರೆಂಟು ಎಳೆಯುತ್ತದೆ. ಆ ಹೊತ್ತಿನಲ್ಲಿ ನೀವು ಒಂದೊಂದೇ ಸೆಲ್ಲಿನ ವೋಲ್ಟೇಜ್ ಓದಿ. ನಡುವೆ ಬಿಡುವು ಕೊಡಿ, ಎಣ್ಣೆ ಕಾಯದಿರಲಿ. ಚಾರ್ಜ್ ಇರುವ ಬ್ಯಾಟರಿಯ ಆರೋಗ್ಯವಂತ ಸೆಲ್‌ಗಳು 1.9ರ ಸುತ್ತಮುತ್ತ ಒಟ್ಟಾಗಿ ನಿಲ್ಲುತ್ತವೆ. ರೋಗದ ಸೆಲ್ 1.5ಕ್ಕೋ 1.2ಕ್ಕೋ ಜಾರುತ್ತದೆ, ತೀರ ಕೆಟ್ಟಿದ್ದರೆ ಮೀಟರ್ ಮೈನಸ್ ತೋರಿಸುತ್ತದೆ. ಅಂಥದೊಂದು ಸೆಲ್ ಇದ್ದರೂ ಒಟ್ಟು ವೋಲ್ಟೇಜ್ ಕುಸಿಯುತ್ತದೆ, ಕಂಟ್ರೋಲರ್ ಬ್ಯಾಟರಿ ಖಾಲಿಯಾಯಿತೆಂದು ವೇಗ ತಗ್ಗಿಸುತ್ತದೆ. ಸೆಲ್ ಬದಲಿಸಿದರೆ ಸಾಕು, ಇಡೀ ಬ್ಯಾಟರಿ ಕೊಳ್ಳಬೇಕಾಗಿಲ್ಲ. ಆದರೆ ಬ್ಯಾಟರಿಗೆ ಐದಾರು ವರ್ಷ ಆಗಿದ್ದು, ನಾಲ್ಕೈದು ಸೆಲ್ ಒಟ್ಟಿಗೆ ಸೊರಗಿದ್ದರೆ ತೇಪೆ ಹಚ್ಚುವುದರಲ್ಲಿ ಅರ್ಥವಿಲ್ಲ ಎನ್ನುವುದು ನನ್ನ ಲೆಕ್ಕ.

ಕರಾವಳಿಗೆ ಸೇರಿದ ಒಂದು ಮಾತು. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟುಗಳು ದಡ ಸೇರುತ್ತವೆ, ಮಂಜುಗಡ್ಡೆ ಕಾರ್ಖಾನೆಗಳಲ್ಲಿ ಕೆಲಸ ಇಳಿಯುತ್ತದೆ, ಫೋರ್ಕ್‌ಲಿಫ್ಟ್ ಮೂಲೆಗೆ ನಿಲ್ಲುತ್ತದೆ. ಯಾವ ಚಾರ್ಜಿನಲ್ಲಿ ನಿಲ್ಲಿಸಿದರೋ ಅದೇ ಸ್ಥಿತಿಯಲ್ಲಿ, ಹಲವು ಸಲ ಅರ್ಧ ಖಾಲಿಯಾಗಿ. ಲೆಡ್ ಆಸಿಡ್ ಬ್ಯಾಟರಿ ಖಾಲಿಯಾಗಿ ನಿಂತರೆ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ಆಗಸ್ಟ್ ಮೊದಲ ವಾರ ಬೋಟು ಇಳಿದ ಕೂಡಲೇ ನನ್ನ ಫೋನ್ ಬಡಿದುಕೊಳ್ಳುವುದಕ್ಕೆ ಇದೇ ಕಾರಣ. ಮೇ ಕೊನೆಯಲ್ಲಿ ಪೂರ್ಣ ಚಾರ್ಜ್ ಮಾಡಿ, ಕನೆಕ್ಟರ್ ಬಿಡಿಸಿ, ತಿಂಗಳಿಗೊಮ್ಮೆ ಮತ್ತೆ ಚಾರ್ಜ್ ಮಾಡಿದ್ದರೆ ಸಾಕಿತ್ತು. ಈಗಾಗಲೇ ಸೊರಗಿದ್ದರೆ ಚಾರ್ಜರಿನಲ್ಲಿರುವ ಈಕ್ವಲೈಸ್ ಚಾರ್ಜ್ ಹಾಕಿ ನೋಡಿ. ಅದು ಕಡಿಮೆ ಕರೆಂಟಿನಲ್ಲಿ ಹೆಚ್ಚು ಹೊತ್ತು ನಡೆಯುವ ಚಾರ್ಜು. ಸ್ವಲ್ಪ ಸಲ್ಫೇಟ್ ಕಟ್ಟಿದ ಬ್ಯಾಟರಿ ಎರಡು ಮೂರು ಸರದಿಯಲ್ಲಿ ಚೇತರಿಸಿಕೊಳ್ಳುತ್ತದೆ.

ಮಳೆಗಾಲದಲ್ಲಿ ಇನ್ನೊಂದು ಪೇಚು. ಮರದ ಕೊಂಬೆ ಬಿದ್ದು ರಾತ್ರಿ ಕರೆಂಟು ಹೋಗುತ್ತದೆ, ನಸುಕಿನಲ್ಲಿ ಬರುತ್ತದೆ. ಕೆಲವು ಹಳೆಯ ಚಾರ್ಜರ್‌ಗಳು ಕರೆಂಟು ಮರಳಿದ ಮೇಲೆ ತಾವಾಗಿ ಶುರುವಾಗುವುದಿಲ್ಲ. ಬೆಳಿಗ್ಗೆ ಬಂದವರು ಪ್ಲಗ್ ಸಿಕ್ಕಿಸಿರುವುದನ್ನು ಕಂಡು ರಾತ್ರಿಯಿಡೀ ಚಾರ್ಜ್ ಆಗಿದೆ ಎಂದುಕೊಳ್ಳುತ್ತಾರೆ. ಹನ್ನೊಂದು ಗಂಟೆಗೆ ಗಾಡಿ ತೆವಳುತ್ತದೆ. ಗಾಡಿ ಬಿಚ್ಚುವ ಮೊದಲು, ನಿನ್ನೆ ರಾತ್ರಿ ಎಷ್ಟು ಹೊತ್ತು ಕರೆಂಟು ಇತ್ತು ಎಂದು ಕಾವಲುಗಾರನನ್ನು ಕೇಳಿ.

ನೀರು ತುಂಬುವುದು ಚಾರ್ಜ್ ಮುಗಿದ ಮೇಲೆ. ಮೊದಲೇ ತುಂಬಿದರೆ ಚಾರ್ಜ್ ಆಗುವಾಗ ಉಕ್ಕಿ ಆಸಿಡ್ ಹೊರಚೆಲ್ಲುತ್ತದೆ. ಫಲಕಗಳು ನೀರಿನಿಂದ ಹೊರಗೆ ಕಾಣುತ್ತಿದ್ದರೆ ಮಾತ್ರ ಮೊದಲು ಅವು ಮುಳುಗುವಷ್ಟು ಹಾಕಿ. ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೇನೂ ಬೇಡ. "ನಮ್ಮ ಬಾವಿಯ ನೀರು ಎಳನೀರಿನಂತಿದೆ ಮಾರಾಯರೇ" ಎಂದವರಿದ್ದಾರೆ. ಕುಡಿಯಲು ಹಾಗಿರಬಹುದು. ಅದರಲ್ಲಿರುವ ಕಬ್ಬಿಣದ ಅಂಶ, ಕ್ಲೋರೈಡ್ ಫಲಕಗಳನ್ನು ತಿನ್ನುತ್ತವೆ.

ಬ್ಯಾಟರಿ ಬದಲಿಸಿದ ನಂತರ ವೇಗ ಕುಗ್ಗಿದ್ದರೆ, ಅಥವಾ ಲೆಡ್ ಆಸಿಡ್ ತೆಗೆದು ಲಿಥಿಯಂ ಹಾಕಿದ್ದರೆ, ಬ್ಯಾಟರಿ ಮಟ್ಟ ತೋರಿಸುವ ಮೀಟರಿನ ಸೆಟ್ಟಿಂಗ್ ಬದಲಿಸಿದ್ದಾರೆಯೇ ವಿಚಾರಿಸಿ. ಹಳೆಯ ಸೆಟ್ಟಿಂಗ್‌ಗೆ ಹೊಸ ಬ್ಯಾಟರಿಯ ಭಾಷೆ ಅರ್ಥವಾಗದು, ತುಂಬಿರುವುದನ್ನೂ ಖಾಲಿ ಎನ್ನುತ್ತದೆ. ಲಿಥಿಯಂ ಬ್ಯಾಟರಿಯೊಳಗೆ ಸೆಲ್‌ಗಳನ್ನು ಕಾಯುವ ಬಿಎಂಎಸ್ ಎಂಬ ಸರ್ಕ್ಯೂಟ್ ಕೂಡ ಬಿಸಿ, ಚಳಿ, ಸೆಲ್‌ಗಳ ಅಸಮತೋಲ ಕಂಡರೆ ಕರೆಂಟಿಗೆ ಮಿತಿ ಹಾಕುತ್ತದೆ. ಅದರ ಒಳಗೆ ಕೈಹಾಕುವ ಕೆಲಸ ನಮ್ಮದಲ್ಲ.

ಉಪ್ಪುಗಾಳಿ ತಿಂದ ಜೋಡಣೆಗಳು

ಬ್ಯಾಟರಿ ಸರಿಯಿದ್ದೂ ಕಂಟ್ರೋಲರ್‌ಗೆ ವೋಲ್ಟೇಜ್ ತಲುಪದಿದ್ದರೆ ದಾರಿಯಲ್ಲಿ ಎಲ್ಲೋ ಸೋರಿಹೋಗುತ್ತಿದೆ. ಕಾರವಾರದಲ್ಲಿ ನಾನು ಕಂಡ ನಿತ್ರಾಣದ ಗಾಡಿಗಳಲ್ಲಿ ಈ ಕಾರಣ ಮತ್ತೆ ಮತ್ತೆ ಸಿಕ್ಕಿದೆ, ಘಟ್ಟದ ಮೇಲೆ ಅಷ್ಟಿಲ್ಲ.

ಮೀನು ಪ್ಯಾಕ್ ಮಾಡುವ ಒಂದು ಶೆಡ್ಡಿನಲ್ಲಿ ಗಾಡಿಯ ಬ್ಯಾಟರಿ ಕನೆಕ್ಟರ್ ಹತ್ತಿರ ಹೋದ ಕೂಡಲೇ ಮೀನಿನ ವಾಸನೆಯನ್ನೂ ಮೀರಿ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು. ಬಿಡಿಸಿ ನೋಡಿದರೆ ಒಂದು ಕಡೆಯ ತಾಮ್ರದ ನಾಲಿಗೆಗೆ ಹಸಿರು ಕಿಲುಬು, ಸುತ್ತಲಿನ ಪ್ಲಾಸ್ಟಿಕ್ ಕರಗಿ ಅಂಚು ಮಡಚಿತ್ತು. ಮಾಸ್ಟ್ ಬಾಗಿಸುವ ಉಪಾಯವನ್ನೇ ಮಾಡಿ, ಕನೆಕ್ಟರಿನ ಈಚೆ ಒಂದು ಮೊನೆ, ಆಚೆ ಒಂದು ಮೊನೆ ಇಟ್ಟಾಗ ಮೀಟರ್ 1.5 ವೋಲ್ಟ್ ತೋರಿಸಿತು. ಹರಿಯುತ್ತಿದ್ದದ್ದು 200 ಆಂಪಿಯರ್. ಗುಣಿಸಿದರೆ 300 ವ್ಯಾಟ್, ಐದಾರು ಸೋಲ್ಡರಿಂಗ್ ಐರನ್‌ಗಳನ್ನು ಆ ಒಂದು ಮುಷ್ಟಿಯಷ್ಟು ಜಾಗದಲ್ಲಿ ಹಚ್ಚಿಟ್ಟಷ್ಟು ಬಿಸಿ. ಮಾಲೀಕರು ಅಷ್ಟರಲ್ಲಿ ಹೊಸ ಬ್ಯಾಟರಿಗೆ ದರಪಟ್ಟಿ ತರಿಸಿಟ್ಟಿದ್ದರು.

ಪರೀಕ್ಷೆ ಹೀಗೆ: ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಹೊರೆ ಬಿದ್ದಿರುವಾಗ ಪ್ರತಿ ಜೋಡಣೆಯ ಎರಡು ಬದಿಗೂ ಮೊನೆ ಇಡುತ್ತಾ ಬನ್ನಿ. ಬ್ಯಾಟರಿ ಕಂಬದಿಂದ (ಟರ್ಮಿನಲ್) ಕೇಬಲ್ ತುದಿಯ ಲೋಹದ ಕಿವಿಯಾದ ಲಗ್‌ಗೆ, ಲಗ್‌ನಿಂದ ಕನೆಕ್ಟರಿಗೆ, ಫ್ಯೂಸಿನ ಎರಡು ತುದಿಗೆ, ಮುಖ್ಯ ಕಾಂಟ್ಯಾಕ್ಟರಿನ (ಕೀಲಿ ಹಾಕಿದಾಗ ಕರೆಂಟು ಜೋಡಿಸುವ ದೊಡ್ಡ ಸ್ವಿಚ್ಚು) ಎರಡು ತುದಿಗೆ. ಒಳ್ಳೆಯ ಜೋಡಣೆಯಲ್ಲಿ ಕೆಲವೇ ಹತ್ತು ಮಿಲಿವೋಲ್ಟ್ ಕಾಣುತ್ತದೆ. ಒಂದೇ ಕಡೆ ನೂರಾರು ಮಿಲಿವೋಲ್ಟ್ ಎದ್ದು ಕಂಡರೆ ಕಳ್ಳ ಅಲ್ಲೇ ಇದ್ದಾನೆ. ಮೈನಸ್ ಕಡೆಯ ಕೇಬಲನ್ನು ಮರೆಯಬೇಡಿ, ಹೋದ ಕರೆಂಟು ಅದರಲ್ಲೇ ಮರಳಬೇಕು.

ಬ್ಯಾಟರಿ ಕನೆಕ್ಟರ್ ಕಳಚಿ ಲಗ್ ಮತ್ತು ಕಂಬವನ್ನು ತಂತಿ ಬ್ರಷ್ಷಿನಿಂದ ಹೊಳೆಯುವಂತೆ ಉಜ್ಜಿ, ಕೈಪಿಡಿ ಹೇಳಿದಷ್ಟು ಬಿಗಿಯಾಗಿ ಕಟ್ಟಿ, ಆಮೇಲೆ ಮೇಲಿನಿಂದ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಹಚ್ಚಿ ಕಟ್ಟುವುದಲ್ಲ, ಕಟ್ಟಿ ಹಚ್ಚುವುದು. ಕನೆಕ್ಟರಿನ ನಾಲಿಗೆಗೆ, ಕಾಂಟ್ಯಾಕ್ಟರಿನ ತುದಿಗಳಿಗೆ ಮರಳುಕಾಗದ ತಾಗಿಸಬೇಡಿ. ಬೆಳ್ಳಿಯ ಲೇಪ ಹೋದರೆ ಮುಂದಿನ ಮಳೆಗಾಲಕ್ಕೆ ಇನ್ನೂ ಬೇಗ ಕಿಲುಬು ಹಿಡಿಯುತ್ತದೆ. ಕರಗಿದ್ದರೆ ಎರಡೂ ಬದಿ ಬದಲಿಸಿ. ಹಳೆಯದಕ್ಕೆ ಹೊಸದನ್ನು ಜೋಡಿಸಿದರೆ ಹೊಸದೂ ಸುಡುತ್ತದೆ.

ಇನ್ನೊಂದು ಪುಟ್ಟ ಪರೀಕ್ಷೆ ನನಗೆ ಬಹಳ ಇಷ್ಟ. ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಪಾಸಿಟಿವ್ ಕಂಬಕ್ಕೆ ಹಿಡಿದು ಇನ್ನೊಂದನ್ನು ಸೆಲ್‌ಗಳ ಪ್ಲಾಸ್ಟಿಕ್ ಮೈಮೇಲೆ ಜಾರಿಸಿ. ಪ್ಲಾಸ್ಟಿಕ್ಕಿನ ಮೇಲೆ ವೋಲ್ಟೇಜ್ ಕಾಣಬಾರದು. ಕಂಡರೆ ಆಸಿಡ್ ಮತ್ತು ಉಪ್ಪಿನ ಪಸೆ ಬ್ಯಾಟರಿಯನ್ನು ಹಗಲಿರುಳು ಹೀರುತ್ತಿದೆ. ಮುಚ್ಚಳಗಳನ್ನೆಲ್ಲ ಬಿಗಿಯಾಗಿ ಹಾಕಿ, ಸೋಡಾ ಕದಡಿದ ನೀರಿನಿಂದ ತೊಳೆದು, ಒಣಗಿಸಿ.

ಮೋಟಾರ್, ಕಂಟ್ರೋಲರ್

ಇಲ್ಲಿಯವರೆಗೆ ಏನೂ ಸಿಗದಿದ್ದರೆ ಮಾತ್ರ ಈ ಕಡೆ ಬನ್ನಿ. ಬಿಸಿಯ ದೂರಿದ್ದರೆ ಕಂಟ್ರೋಲರಿನ ಹಿಂದಿನ ರೆಕ್ಕೆಗಳಲ್ಲಿ, ಮೋಟಾರಿನ ಫ್ಯಾನಿನಲ್ಲಿ ಧೂಳು ಮೆತ್ತಿದೆಯೇ ನೋಡಿ. ಮೇಲೆ ಹೇಳಿದ ಕರ್ಟಿಸ್ ಕಂಟ್ರೋಲರ್‌ಗಳು 85 ಡಿಗ್ರಿ ದಾಟಿದ ಮೇಲೆ ಶಕ್ತಿಯನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತವೆ. ಅಡಿಕೆ ಸಿಪ್ಪೆಯ ನಾರಿನ ಧೂಳು ಹತ್ತಿಯಂತೆ ಕೂತು ಗಾಳಿಯ ದಾರಿ ಮುಚ್ಚಿಬಿಡುತ್ತದೆ. ಒಣ ಗಾಳಿಯಿಂದ ಊದಿ ತೆಗೆಯಿರಿ. ನೀರಿನ ಪ್ರೆಷರ್ ಪೈಪು ಹಿಡಿಯುವವರ ಕೈಯಿಂದ ಅದನ್ನು ಕಸಿದುಕೊಳ್ಳಿ.

ಹಳೆಯ ಡಿಸಿ ಮೋಟಾರಾದರೆ ಕಾರ್ಬನ್ ಬ್ರಷ್ ಎಷ್ಟು ಉಳಿದಿದೆ, ಸ್ಪ್ರಿಂಗ್ ಬಿಗಿ ಇದೆಯೇ, ಬ್ರಷ್ ತನ್ನ ಗೂಡಿನಲ್ಲಿ ಸರಾಗವಾಗಿ ಜಾರುತ್ತದೆಯೇ ನೋಡಿ. ಏಸಿ ಮೋಟಾರಿಗೆ ಬ್ರಷ್ ಇಲ್ಲ, ಅದರ ಬದಲು ಎನ್‌ಕೋಡರ್ ಇದೆ. ಅದರ ಸಂದೇಶ ತಪ್ಪಿದರೆ ಹಲವು ಗಾಡಿಗಳು ಕುಂಟುತ್ತಾ ಮನೆ ಸೇರುವಷ್ಟು ವೇಗವನ್ನಷ್ಟೇ ಉಳಿಸಿಕೊಳ್ಳುತ್ತವೆ. ಬದಲಿಸುವ ಮೊದಲು ಅದರ ಪುಟ್ಟ ಪ್ಲಗ್ಗನ್ನು ಬಿಚ್ಚಿ ಒಳಗಿನ ಪಿನ್ನು ಹಸಿರಾಗಿದೆಯೇ ನೋಡಿ. ಮೋಟಾರಿನ ತಾಪ ಅಳೆಯುವ ಸೆನ್ಸರ್‌ನ ವೈರು ತುಂಡಾದರೂ ಹೀಗೇ. ಮೋಟಾರ್ ತಣ್ಣಗಿದ್ದರೂ ಗಾಡಿ ಹೆದರಿ ನಡೆಯುತ್ತದೆ.

ಕಂಟ್ರೋಲರಿನ ಬೋಲ್ಟುಗಳಿಗೆ ಕೈ ಹಾಕುವ ಮೊದಲು ಡ್ರೈವ್ ಚಕ್ರಗಳನ್ನು ನೆಲದಿಂದ ಎತ್ತಿ ದಿಮ್ಮಿ ಕೊಡಿ, ಕೀಲಿ ಆರಿಸಿ, ಬ್ಯಾಟರಿ ಕನೆಕ್ಟರ್ ಬಿಡಿಸಿ. ಆದರೂ ಒಳಗಿನ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. ಅದರ ಪ್ಲಸ್ ಮೈನಸ್ ನಡುವೆ 100 ಓಮ್, 25 ವ್ಯಾಟಿನ ರೆಸಿಸ್ಟರ್ ಹಿಡಿದು ಇಳಿಸಿ, ಮೀಟರಿನಲ್ಲಿ ಸೊನ್ನೆಯ ಹತ್ತಿರ ಬಂದದ್ದನ್ನು ಕಂಡ ಮೇಲೆ ಪಾನಾ ಹಿಡಿಯಿರಿ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುವ ಶೂರತನ ಬೇಡ.

ವೇಗಮಿತಿಯ ಸೆಟ್ಟಿಂಗ್‌ಗಳನ್ನು ಪ್ರೋಗ್ರಾಮರ್ ಎಂಬ ಉಪಕರಣದಿಂದ ಏರಿಸಿ ನಿಧಾನವನ್ನು "ಸರಿಪಡಿಸುವ" ಕೆಲವರಿದ್ದಾರೆ. ಮೂಲ ದೋಷ ಹಾಗೇ ಉಳಿದು, ಅದು ಸರಿಹೋದ ದಿನ ಗಾಡಿ ಲೆಕ್ಕ ಮೀರಿ ಓಡುತ್ತದೆ, ಮೂಟೆಗಳ ನಡುವಿನ ಇಕ್ಕಟ್ಟಿನ ಹಾದಿಯಲ್ಲಿ.

ಕಂಪನಿಯ ಸರ್ವಿಸ್‌ನವರನ್ನು ಕರೆಯಲೇಬೇಕಾದರೆ "ಗಾಡಿ ಸ್ಲೋ ಇದೆ" ಎಂದಷ್ಟೇ ಹೇಳಬೇಡಿ. ಗಾಡಿಯ ಮಾದರಿ ಮತ್ತು ಕ್ರಮಸಂಖ್ಯೆ, ಗಂಟೆ ಮೀಟರಿನ ಅಂಕಿ, ಕೋಡಿನ ಫೋಟೋ, ಖಾಲಿ ಮತ್ತು ಹೇರಿನ 20 ಮೀಟರ್ ಸೆಕೆಂಡುಗಳು, 24 ಸೆಲ್‌ಗಳ ಪಟ್ಟಿ, ಯಾವ ಜೋಡಣೆಯಲ್ಲಿ ಎಷ್ಟು ಮಿಲಿವೋಲ್ಟ್ ಎಂಬುದು, ಇವಿಷ್ಟನ್ನು ವಾಟ್ಸಾಪ್‌ನಲ್ಲಿ ಕಳುಹಿಸಿ. ಹುಬ್ಬಳ್ಳಿಯಿಂದಲೋ ಮಂಗಳೂರಿನಿಂದಲೋ ಹೊರಡುವ ಎಂಜಿನಿಯರ್ ಆಗ ಬೇಕಾದ ಬಿಡಿಭಾಗವನ್ನು ಚೀಲದಲ್ಲಿ ಹಾಕಿಕೊಂಡೇ ಬಸ್ಸು ಹತ್ತುತ್ತಾರೆ. ರಿಪೇರಿ ಮುಗಿದ ಮೇಲೆ ಅದೇ ಗೆರೆಗಳ ನಡುವೆ ಇನ್ನೊಮ್ಮೆ ಓಡಿಸಿ, ಬಂದ ಸೆಕೆಂಡನ್ನು ದಿನಾಂಕದೊಂದಿಗೆ ಚಾರ್ಜರಿನ ಪಕ್ಕದ ಗೋಡೆಯ ಮೇಲೆ ಬರೆದಿಡಿ. ಸೀಮೆಸುಣ್ಣದಲ್ಲಿ ಬೇಡ, ಆಗಸ್ಟ್ ಹೊತ್ತಿಗೆ ಗೋಡೆಯ ತೇವಕ್ಕೆ ಅಳಿಸಿಹೋಗುತ್ತದೆ. ಪೇಂಟಿನಲ್ಲಿ ಬರೆಯಿರಿ.